ಮೊದಲು ಉಸಿರು ಹೊರಗೆ ಬಿಡಿ

ಮನಸ್ಸು ಹಿಡಿತಕ್ಕೆ ಸಿಗುತ್ತಿಲ್ಲ ಎಂದು ಗೋಳಾಡುತ್ತೀರಲ್ಲ, ಸಿಗುವುದಾದರೂ ಹೇಗೆ? ‘ಸುಮ್ಮನಿರು’ ಎಂದು ಗದರಿದರೆ ಮನಸ್ಸು ಕೇಳುವುದಿಲ್ಲ. ಎದೆಬಡಿತವೂ ಕೇಳುವುದಿಲ್ಲ. ತಿಂದ ಅನ್ನ ಅರಗುವುದಾಗಲಿ, ರಕ್ತದೊತ್ತಡ ಏರಿಳಿಯುವುದಾಗಲಿ ನಿಮ್ಮ ಅಪ್ಪಣೆಗೆ ಕಾಯುವುದಿಲ್ಲ. ಎತ್ತನ್ನು ಬಾಲ ಹಿಡಿದು ಎಳೆದರೆ ಒದೆಯುತ್ತದೆ, ಮೂಗುದಾರ ಹಿಡಿದರೆ ಹಿಂದೆ ಬರುತ್ತದೆ. ನಮ್ಮ ಮೈಮನಸ್ಸಿಗೆ ಆ ಮೂಗುದಾರ ಉಸಿರು. ನೀವು ನಿದ್ದೆ ಹೋದರೂ ಮಿದುಳಿನ ಕಾಂಡ ಅದನ್ನು ನಡೆಸಿಕೊಂಡು ಹೋಗುತ್ತದೆ. ಎಚ್ಚರದಲ್ಲಿ ನೀವು ಬೇಕೆಂದರೆ ನಿಮ್ಮ ಮಾತನ್ನೂ ಕೇಳುತ್ತದೆ.

ಗಾಬರಿಯಾದವರಿಗೆ ಎಲ್ಲರೂ ಹೇಳುವುದು ಒಂದೇ, ‘ಜೋರಾಗಿ ಉಸಿರು ಎಳ್ಕೊ’. ಅದನ್ನು ದಯವಿಟ್ಟು ನಿಲ್ಲಿಸಿ. ಬಾಯಿ ತೆರೆದು ಮೇಲಿಂದ ಮೇಲೆ ಉಸಿರೆಳೆದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಕಡಿಮೆಯಾಗುತ್ತದೆ. ತಲೆ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಏನೋ ಆಗಿಬಿಟ್ಟಿತು ಎಂಬ ಭಯ ಇಮ್ಮಡಿಯಾಗುತ್ತದೆ. ನೀವು ಮೊದಲು ಉಸಿರು ಹೊರಗೆ ಬಿಡಿ, ನಿಧಾನವಾಗಿ, ಮೂಗಿನಿಂದಲೇ. ಉಸಿರು ಒಳಗೆ ಬರುವಾಗ ಎದೆಬಡಿತ ತುಸು ಚುರುಕಾಗುತ್ತದೆ, ಹೊರಗೆ ಹೋಗುವಾಗ ತುಸು ತಗ್ಗುತ್ತದೆ. ಮಿದುಳಿನಿಂದ ಹೃದಯಕ್ಕೂ ಹೊಟ್ಟೆಗೂ ಇಳಿದಿರುವ ವೇಗಸ್ ನರದ ಕೆಲಸ ಅದು. ಬಿಡುವ ಉಸಿರನ್ನು ಉದ್ದ ಮಾಡಿದಷ್ಟೂ ಆ ನರ ನಿಮಗೆ ಒದಗುತ್ತದೆ.

ಸುಮ್ಮನೆ ಕೂತಿದ್ದಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ದಿನಕ್ಕೆ ಐದೇ ನಿಮಿಷ ಅದನ್ನು 6ಕ್ಕೆ ಇಳಿಸಿ. ಮನಸ್ಸಿನಲ್ಲಿ 4 ಎಣಿಸುತ್ತಾ ಒಳಗೆ, 6 ಎಣಿಸುತ್ತಾ ಹೊರಗೆ. ಕಷ್ಟವಾದರೆ 3 ಮತ್ತು 4 ಇಟ್ಟುಕೊಳ್ಳಿ, ಯಾರೂ ಅಂಕ ಕೊಡುವುದಿಲ್ಲ. ಭುಜ ಮೇಲೇಳಬಾರದು, ಹೊಟ್ಟೆ ಉಬ್ಬಬೇಕು. ತೆಳ್ಳಗೆ ಕಾಣಲೆಂದು ಹೊಟ್ಟೆ ಒಳಗೆಳೆದುಕೊಂಡೇ ಓಡಾಡುವ ಅಭ್ಯಾಸವಿದ್ದರೆ ಆ ಹೊತ್ತಿಗಾದರೂ ಬಿಡಿ. ಇದನ್ನು ಓದುವಾಗಲೂ ನೀವು ಹಲ್ಲು ಕಚ್ಚಿಕೊಂಡಿರಬಹುದು, ನೋಡಿಕೊಳ್ಳಿ. ದವಡೆ ಸಡಿಲ ಬಿಡಿ, ಹುಬ್ಬಿನ ಗಂಟು ಬಿಚ್ಚಿ.

ಇದಕ್ಕೆಂದು ಚಾಪೆ, ಅಗರಬತ್ತಿ ಏನೂ ಬೇಡ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸುಮ್ಮಸುಮ್ಮನೆ ಹಾರ್ನ್ ಒತ್ತುತ್ತೀರಲ್ಲ, ಆಗ ಮಾಡಿ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಚುಚ್ಚಿದರೆ ಉತ್ತರ ಟೈಪ್ ಮಾಡಿ, ಕಳಿಸದೆ ಇಟ್ಟು, ಹತ್ತು ಉಸಿರು ಎಣಿಸಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಕಳಿಸಿದ ಮೇಲೆ ಅಳಿಸಿದರೂ ಅತ್ತಿಗೆ ಅಷ್ಟರಲ್ಲಿ ಓದಿಯಾಗಿರುತ್ತದೆ.

ಆತುರ ಮಾತ್ರ ಬೇಡ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಕ್ಷಯ, ಮಲೇರಿಯಾ, ಟೈಫಾಯಿಡ್ ಎಲ್ಲಕ್ಕೂ ತುತ್ತಾದ ಹುಡುಗ. ಮೈಸೂರಿನಲ್ಲಿ ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು ಜಗತ್ತಿಗೇ ಮೇಷ್ಟ್ರಾದರು. ಅಂಥವರೂ ಮೊದಲು ಆಸನದಿಂದ ಮೈ ಹದವಾಗಲಿ, ಪ್ರಾಣಾಯಾಮ ಆಮೇಲೆ ಎನ್ನುತ್ತಿದ್ದರು. ನೀವೋ, ಎರಡು ನಿಮಿಷದ ವಿಡಿಯೊ ನೋಡಿ ಮಾರನೆಯ ಬೆಳಿಗ್ಗೆ ಕಪಾಲಭಾತಿ, ಭಸ್ತ್ರಿಕ ಶುರು ಮಾಡುತ್ತೀರಿ! ಅತಿಯಾದರೆ ಅಮೃತವೂ ವಿಷ. ಬಿಪಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ರಭಸದ ಉಸಿರಾಟಕ್ಕೂ ಉಸಿರು ಕಟ್ಟುವುದಕ್ಕೂ ಕೈ ಹಾಕಬೇಡಿ. ಹೊಟ್ಟೆ ತುಂಬ ಉಂಡು ಅಭ್ಯಾಸಕ್ಕೆ ಕೂರಬೇಡಿ. ಬಾವಿ, ಕೆರೆ, ಈಜುಕೊಳದಲ್ಲಿ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆಂದು ಪಂಥ ಕಟ್ಟುವುದು ಬೇಡವೇ ಬೇಡ. ನೀರೊಳಗೇ ಪ್ರಜ್ಞೆ ತಪ್ಪುತ್ತದೆ, ಮಕ್ಕಳಿಗೂ ಹೇಳಿ.

ಇನ್ನೊಂದು ಮಾತು. ಎದೆ ಬಿಗಿದು ನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ, ಎರಡು ಮಾತಾಡುವಷ್ಟರಲ್ಲಿ ಏದುಸಿರು ಬಂದರೆ, ಅದನ್ನು ಪ್ರಾಣಾಯಾಮದಿಂದ ಸರಿಮಾಡುತ್ತೇನೆಂದು ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.