ತೂತು ಬಿದ್ದ ತತ್ತಿ: ಕಾಯಬೇಕೋ, ಕೈ ಹಾಕಬೇಕೋ?

ತತ್ತಿಗೆ ಸಣ್ಣ ತೂತು ಬಿದ್ದು ಅರ್ಧ ದಿನ ಕಳೆದರೂ ಮರಿ ಹೊರಬರದಿದ್ದರೆ ಮನೆಮಂದಿಗೆಲ್ಲ ಚಡಪಡಿಕೆ. ಒಳಗೇ ಸತ್ತುಹೋದೀತು ಎಂದು ಹೆದರಿ ಉಗುರಿನಿಂದ ಚಿಪ್ಪು ಬಿಡಿಸಲು ಕೂರುತ್ತಾರೆ. ಹೀಗೆ ಅವಸರದಲ್ಲಿ ಬಿಡಿಸಿದ ಮರಿಗಳು ಎಷ್ಟೋ ಸಲ ರಕ್ತ ಸೋರಿ ಸಾಯುತ್ತವೆ. ಸುಮ್ಮನಿರುವ ಮರಿ ಸೋತಿದೆ ಎಂದು ತಿಳಿಯಬೇಡಿ. ಆಗ ಒಳಗೆ ಬೇರೆ ಕೆಲಸ ನಡೆದಿರುತ್ತದೆ.

ಕೋಳಿಮರಿ ಕೊನೆಯ ಎರಡು ದಿನದವರೆಗೂ ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಚಿಪ್ಪಿನ ಒಳಗೋಡೆಗೆ ಅಂಟಿದ ಪೊರೆಯ ರಕ್ತನಾಳಗಳೇ ಅದಕ್ಕೆ ಗಾಳಿ ಒದಗಿಸುತ್ತವೆ. 19-20ನೆಯ ದಿನ ಅಗಲ ತುದಿಯಲ್ಲಿರುವ ಗಾಳಿಯ ಖಾಲಿ ಜಾಗಕ್ಕೆ ಕೊಕ್ಕು ತೂರಿಸಿ ಮೊದಲ ಉಸಿರು ಎಳೆಯುತ್ತದೆ. ಒಳಗಿನಿಂದ ಚಿಂವ್‌ಚಿಂವ್ ಕೇಳಿಸುವುದು ಆಗಲೇ. ಆ ಗಾಳಿ ಸಾಲದಾದಾಗ ಕೊಕ್ಕಿನ ಮೇಲಿನ ಬಿಳಿ ಮೊನೆಯಿಂದ ಚಿಪ್ಪು ಒಡೆಯುತ್ತದೆ. ನಂತರ 12ರಿಂದ 24 ಗಂಟೆ ಬಹುಪಾಲು ಸುಮ್ಮನಿರುತ್ತದೆ. ಈ ಹೊತ್ತಿನಲ್ಲಿ ಪೊರೆಯ ರಕ್ತ ಮರಿಯ ಮೈಗೆ ಹಿಂದಿರುಗುತ್ತದೆ, ಉಳಿದ ಹಳದಿ ಹೊಕ್ಕುಳಿನ ಮೂಲಕ ಹೊಟ್ಟೆ ಸೇರುತ್ತದೆ. ಎರಡೂ ಮುಗಿದ ಮೇಲೆ ಮರಿ ಒಳಗೇ ತಿರುಗುತ್ತ ಚಿಪ್ಪನ್ನು ಸುತ್ತಲೂ ಒಡೆದು, ಮುಚ್ಚಳ ಒದ್ದು ಹೊರಬರುತ್ತದೆ.

ಮರಿ ನಿಜಕ್ಕೂ ಸಿಕ್ಕಿಬೀಳುವುದಕ್ಕೆ ಹೆಚ್ಚಾಗಿ ಕಾರಣ ತೇವಾಂಶ. ಈ ವಿಷಯದಲ್ಲಿ ಬೆಳಗಾವಿ ನಗರಕ್ಕೂ ಖಾನಾಪುರಕ್ಕೂ ಒಂದೇ ಲೆಕ್ಕ ನಡೆಯದು. ಮಾರ್ಚ್-ಏಪ್ರಿಲ್‌ನಲ್ಲಿ ಬೆಳಗಾವಿಯ ಮಧ್ಯಾಹ್ನದ ಗಾಳಿ ಒಣಗಿರುತ್ತದೆ. ಮರಿ ಮಾಡುವ ಮಷಿನ್‌ನ (ಇನ್‌ಕ್ಯುಬೇಟರ್) ನೀರಿನ ತಟ್ಟೆ ಬತ್ತಿದರೆ, ಮರಿ ಏಳುವ ಹೊತ್ತಿಗೆ ಮತ್ತೆ ಮತ್ತೆ ಮುಚ್ಚಳ ತೆಗೆದರೆ, ಪೊರೆ ಒಣಗಿ ಮರಿಯ ಮೈಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಮರಿಗೆ ತಿರುಗಲು ಆಗುವುದಿಲ್ಲ. ಜುಲೈನಲ್ಲಿ ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ ಕಡೆ ಕಾಟ ಇದಕ್ಕೆ ತದ್ವಿರುದ್ಧ. ಗಾಳಿಯೇ ಒದ್ದೆ, ತತ್ತಿಯೊಳಗಿನ ನೀರು ಆರಬೇಕಾದಷ್ಟು ಆರದೆ ಗಾಳಿಯ ಜಾಗ ಚಿಕ್ಕದಾಗಿ ಉಳಿಯುತ್ತದೆ. ಮರಿ ಉಬ್ಬಿಕೊಂಡು, ಲೋಳೆ ಮೆತ್ತಿಕೊಂಡು ಒಳಗೇ ಉಸಿರುಗಟ್ಟುತ್ತದೆ. ಅಲ್ಲಿ ಮಳೆಗಾಲದಲ್ಲಿ ಮೊದಲ 18 ದಿನ ಮಷಿನ್‌ಗೆ ನೀರು ಕಡಿಮೆ ಮಾಡಬೇಕು, ಕೆಲವೊಮ್ಮೆ ಹಾಕಲೇಬಾರದು.

ಕಣ್ಣಂದಾಜಿಗಿಂತ ತಕ್ಕಡಿ ನಂಬಿ. 18ನೆಯ ದಿನಕ್ಕೆ ತತ್ತಿಯ ತೂಕ ನೂರಕ್ಕೆ 12-13ರಷ್ಟು ಇಳಿದಿರಬೇಕು. 50 ಗ್ರಾಂ ಇದ್ದ ಜವಾರಿ ತತ್ತಿ 44 ಗ್ರಾಂ ಆಸುಪಾಸಿಗೆ ಬಂದಿದ್ದರೆ ಸರಿ. ಅದಕ್ಕೆ ಮೊದಲೇ ನಡುನಡುವೆ ತೂಗಿ, ತೀರ ಇಳಿದಿದ್ದರೆ ನೀರು ಹೆಚ್ಚಿಸಿ, ಇಳಿಯದಿದ್ದರೆ ತಗ್ಗಿಸಿ. ಮೊದಲ 18 ದಿನ ನೂರಕ್ಕೆ 50-55, ಆಮೇಲೆ 65-70ರಷ್ಟು ತೇವಾಂಶ ಇರಲಿ. ಫ್ಯಾನ್ ಇರುವ ಮಷಿನ್‌ನಲ್ಲಿ ಶಾಖ 37.5 ಡಿಗ್ರಿ ಸೆಲ್ಸಿಯಸ್. 18ರ ನಂತರ ತತ್ತಿ ತಿರುಗಿಸುವುದು ಬೇಡ. ಮಳೆಯಲ್ಲಿ ಕರೆಂಟ್ ಹೋಗಿ ಮಷಿನ್ ತಣ್ಣಗಾಗಿದ್ದರೆ ಮರಿ ತಡವಾಗಿ ಏಳುತ್ತದೆ, 23ನೆಯ ದಿನದವರೆಗೆ ಕಾಯಿರಿ.

ತೂತು ಬಿದ್ದು 24 ಗಂಟೆ ಕಳೆದರೂ ಬಿರುಕು ಮುಂದುವರಿಯದಿದ್ದರೆ, ತೂತಿನಲ್ಲಿ ಕಾಣುವ ಪೊರೆ ಕಂದು ಬಣ್ಣಕ್ಕೆ ತಿರುಗಿ ಒಣ ಕಾಗದದಂತಾಗಿದ್ದರೆ, ಅಥವಾ ಅರ್ಧ ಸುತ್ತು ಒಡೆದು ಗಂಟೆಗಟ್ಟಲೆ ನಿಂತು ಕೂಗು ಕ್ಷೀಣಿಸಿದ್ದರೆ ಕೈ ಹಾಕಬಹುದು. ಬೇರೆ ಮರಿಗಳನ್ನು ಕರೆದುಕೊಂಡು ತಾಯಿಕೋಳಿ ಬುಟ್ಟಿ ಬಿಟ್ಟೆದ್ದಾಗ ಹಿಂದುಳಿದ ತತ್ತಿಯನ್ನು ತಕ್ಷಣ ಬೆಚ್ಚಗಿಡಿ, ಆಮೇಲೆ ಇದೇ ಲೆಕ್ಕ ನೋಡಿ.

ಕೈಯನ್ನು ಸೋಪಿನಿಂದ ತೊಳೆದು, ಕೋಣೆಯ ಫ್ಯಾನ್ ಆರಿಸಿ. ತೂತಿನ ಸುತ್ತ ಜೋಳದ ಕಾಳಿನಷ್ಟೇ ಚಿಪ್ಪು ಬಿಡಿಸಿ, ಒಳಪೊರೆ ಕೀಳಬೇಡಿ. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಪೊರೆಯನ್ನು ಒತ್ತಿ. ಮರಿಯ ಮೂಗಿಗೆ ನೀರು ಹೋಗಕೂಡದು. ಬಿಳಿಯಾಗಿದ್ದ ಪೊರೆ ನೆನೆದಾಗ ಪಾರದರ್ಶಕವಾಗುತ್ತದೆ, ಟಾರ್ಚ್ ಬೆಳಕಿನಲ್ಲಿ ಒಳಗಿನದು ಕಾಣುತ್ತದೆ. ಕೆಂಪು ಎಳೆಗಳು ಕಂಡರೆ ರಕ್ತ ಇನ್ನೂ ಹಿಂದಿರುಗಿಲ್ಲ: ತತ್ತಿಯನ್ನು ಮಷಿನ್‌ಗೆ ಮರಳಿಸಿ ನಾಲ್ಕಾರು ಗಂಟೆ ಬಿಡಿ. ಒಂದು ಹನಿ ರಕ್ತ ಬಂದರೂ ಹತ್ತಿ ಒತ್ತಿ, ಅಲ್ಲಿಗೇ ನಿಲ್ಲಿಸಿ. ಮರಿ ಬಾಯಿ ತೆರೆದು ಮುಚ್ಚಿ ಅಗಿಯುವಂತೆ ಮಾಡುತ್ತಿದ್ದರೆ ಹಳದಿ ಇನ್ನೂ ಒಳಗೆ ಸೇರುತ್ತಿರಬಹುದು, ಆಗಲೂ ಕಾಯಬೇಕು. ಕೆಂಪು ಎಳೆಗಳಿಲ್ಲದಿದ್ದರೆ ಅಗಲ ತುದಿಯ ಸುತ್ತ ಮಾತ್ರ ಚಿಪ್ಪು ಬಿಡಿಸಿ, ತಲೆ ಹೊರಗೆ ಬಂದರೆ ಸಾಕು. ಕೆಳಗಿನ ಅರ್ಧವನ್ನು ನೀವು ತೆಗೆಯಬೇಡಿ. ಹೊಕ್ಕುಳು ಇರುವುದು ಅಲ್ಲಿ. ಅದನ್ನು ಮರಿಯೇ ಒದ್ದು ಬಿಡಿಸಿಕೊಳ್ಳಲಿ.

ಹೊರಬಂದ ಮರಿಯ ಹೊಕ್ಕುಳಿಗೆ ಪೊವಿಡೋನ್ ಅಯೋಡಿನ್ ಹಚ್ಚಿ, ರೆಕ್ಕೆಪುಕ್ಕ ಆರುವವರೆಗೆ ಮಷಿನ್‌ನಲ್ಲೇ ಇಡಿ. ಹೊಟ್ಟೆ ಸೇರಿದ ಹಳದಿ ಎರಡು ದಿನದ ಆಹಾರ, ಒತ್ತಾಯದಿಂದ ತಿನ್ನಿಸುವುದು ಬೇಡ. ನುಣುಪಾದ ಪೇಪರ್ ಮೇಲೆ ಬಿಟ್ಟರೆ ಕಾಲು ಜಾರಿ ಅಗಲವಾಗುತ್ತದೆ, ಒರಟು ಬಟ್ಟೆ ಹಾಸಿ. ಮೊದಲ ವಾರ ಸುಮಾರು 35 ಡಿಗ್ರಿ ಕಾವು, 5-7ನೆಯ ದಿನ ರಾಣಿಖೇತ್ ಲಸಿಕೆ.

ಒಂದು ಸರದಿಯಲ್ಲಿ ಒಂದೆರಡು ಮರಿಗೆ ಇಂಥ ನೆರವು ಬೇಕಾದರೆ ಚಿಂತೆಯಿಲ್ಲ. ನಾಲ್ಕರಲ್ಲಿ ಒಂದಕ್ಕೆ ಬೇಕಾಗುತ್ತಿದ್ದರೆ ಮುಂದಿನ ತತ್ತಿ ಇಡುವ ಮೊದಲು ಮಷಿನ್‌ನ ಶಾಖವನ್ನು ಬೇರೊಂದು ಥರ್ಮಾಮೀಟರ್ ಇಟ್ಟು ತಾಳೆ ನೋಡಿ. ಗಿರಿರಾಜ ಕೋಳಿ ಕಾವಿಗೆ ಕೂರುವುದಿಲ್ಲ. ಅದರ ತತ್ತಿಗಳನ್ನು ಕಾವಿಗೆ ಬಂದ ಜವಾರಿ ಕೋಳಿಯ ಕೆಳಗಿಟ್ಟರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಹತ್ತು-ಹನ್ನೆರಡು ತತ್ತಿ ಮೀರದಿರಲಿ.