ಮಾರ್ದನಿಯ ಡಬ್ಬಿ: ಅನಲಾಗ್ ಡಿಲೇ ಪೆಡಲ್ ಕಟ್ಟುವವರಿಗೆ ಒಂಬತ್ತು ಸೂತ್ರ

ಗಿಟಾರಿಗೆ ಅನಲಾಗ್ ಡಿಲೇ ಕಟ್ಟಲು ಕೂತವರನ್ನು ಮೊದಲು ಕೆಡಿಸುವುದು ಅತಿಯಾಸೆ. ಒಂದು ಸೆಕೆಂಡ್ ತಡವಾಗಿ ಬರಬೇಕು, ಮೂಲದಷ್ಟೇ ಸ್ಪಷ್ಟವಾಗಿರಬೇಕು, ಹಿಂದೆ ಸುಯ್ ಅನ್ನುವ ಸದ್ದೂ ಇರಬಾರದು ಎನ್ನುವವರು ಅಂಗಡಿಯಿಂದ ಡಿಜಿಟಲ್ ಪೆಡಲ್ ತಂದುಬಿಡಿ. ಮಸುಕಾದ, ಬೆಚ್ಚಗಿನ ಮಾರ್ದನಿ ಸಾಕು ಎನ್ನುವವರು ಸೋಲ್ಡರಿಂಗ್ ಐರನ್ ಕಾಯಿಸಿ.

1. ಚಿಪ್ಪಿನ ಲೆಕ್ಕ ಬಾಯಿಗೆ ಬರಲಿ

ಈ ಪೆಡಲಿನ ಜೀವ ಬಕೆಟ್ ಬ್ರಿಗೇಡ್ ಚಿಪ್. ಫಿಲಿಪ್ಸ್ ಪ್ರಯೋಗಾಲಯದ ಸ್ಯಾಂಗ್‌ಸ್ಟರ್ ಮತ್ತು ಟೀರ್ 1969ರಲ್ಲಿ ಕಂಡುಹಿಡಿದದ್ದು. ಮನೆಗೆ ಮೋಲ್ಡ್ ಹಾಕುವ ದಿನ ಕಾಂಕ್ರೀಟ್ ಬಾಂಡ್ಲಿ ಕೈಯಿಂದ ಕೈಗೆ ದಾಟುತ್ತದಲ್ಲ, ಹಾಗೆ ಒಳಗಿನ ಸಾವಿರಾರು ಪುಟ್ಟ ಕೆಪಾಸಿಟರುಗಳು ಕ್ಲಾಕ್ ಬಡಿದಾಗಲೆಲ್ಲ ತಮ್ಮ ಚಾರ್ಜನ್ನು ಮುಂದಿನದಕ್ಕೆ ದಾಟಿಸುತ್ತವೆ. ಒಟ್ಟು ಹಂತಗಳನ್ನು ಕ್ಲಾಕ್ ವೇಗದ ಎರಡರಷ್ಟರಿಂದ ಭಾಗಿಸಿದರೆ ಡಿಲೇ ಎಷ್ಟೆಂದು ಸಿಗುತ್ತದೆ. 4096 ಹಂತದ ಚಿಪ್, 10 ಕಿಲೋಹರ್ಟ್ಜ್ ಕ್ಲಾಕ್ ಅಂದರೆ 204.8 ಮಿಲಿಸೆಕೆಂಡ್. 300 ಬೇಕಾದರೆ ಕ್ಲಾಕನ್ನು 6.8 ಕಿಲೋಹರ್ಟ್ಜ್‌ಗೆ ಇಳಿಸಬೇಕು. ಆಗ ಅದರ ಅರ್ಧ, ಅಂದರೆ 3.4 ಕಿಲೋಹರ್ಟ್ಜ್‌ಗಿಂತ ಮೇಲಿನ ಸ್ವರಾಂಶವೆಲ್ಲ ಕರ್ಕಶವಾಗಿ ತಿರುಗಿಬೀಳುತ್ತದೆ. ಅದನ್ನು ಮೊದಲೇ ಫಿಲ್ಟರ್ ಮಾಡಿ ತೆಗೆಯಲೇಬೇಕು. ಡಿಲೇ ಉದ್ದವಾದಷ್ಟೂ ಧ್ವನಿ ಮಂದವಾಗುವುದು ಇದೇ ಕಾರಣಕ್ಕೆ. ಈ ಮಂದತನದ ಮೇಲೆ ಜಗಳಕ್ಕೆ ಹೋಗಬೇಡಿ. ನುಡಿಸಿದ ಸ್ವರದ ಹಿಂದೆ ಮಾರ್ದನಿ ಸುಮ್ಮನೆ ನಿಲ್ಲುವುದು ಅದರಿಂದಲೇ.

2. ಹಾಡಿಗೆ ಎಷ್ಟು ಬೇಕೋ ಅಷ್ಟೇ ಡಿಲೇ

60,000ವನ್ನು ಹಾಡಿನ ಬಿಪಿಎಂನಿಂದ ಭಾಗಿಸಿ, ಅದರಲ್ಲಿ ಅರ್ಧ ಮಾಡಿ. 100ರ ಹಾಡಿಗೆ 300 ಮಿಲಿಸೆಕೆಂಡ್, 120ರದಕ್ಕೆ 250. 1980ರ ದಶಕದ ಆರಂಭದ ಬಾಸ್ ಡಿಎಂ-2 ಪೆಡಲಿನ ಮಿತಿಯೂ 300 ಮಿಲಿಸೆಕೆಂಡೇ. ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಹಾಗಾಗಿ ಮೊದಲ ಪೆಡಲಿಗೆ ಒಂದೇ ಚಿಪ್ ಸಾಕು.

3. ಚಿಪ್ ಕೊಳ್ಳುವಾಗ ಮರುಳಾಗಬೇಡಿ

ಮತ್ಸುಷಿತಾ ಕಂಪನಿಯ ಹಳೆಯ ಎಂಎನ್3005ಗೆ ದೊಡ್ಡ ಹೆಸರು. ಹಾಗಾಗಿಯೇ ಬೇರೆ ಯಾವುದೋ ಚಿಪ್ಪಿನ ತಲೆ ಉಜ್ಜಿ, ಈ ಹೆಸರು ಅಚ್ಚೊತ್ತಿ ಮಾರುವವರೂ ಇದ್ದಾರೆ. ಕೂಲ್‌ಆಡಿಯೋದ ವಿ3205 ತೆಗೆದುಕೊಳ್ಳಿ: 4096 ಹಂತ, 5 ವೋಲ್ಟ್, ಇಂದಿಗೂ ಹೊಸದಾಗಿ ಸಿಗುವಂಥದ್ದು. ಎಂಎನ್3005 ಕೇಳುವುದು 15 ವೋಲ್ಟ್, ಅದೂ ಉಲ್ಟಾ ಧ್ರುವದಲ್ಲಿ. ಒಂದರ ನಕ್ಷೆಗೆ ಇನ್ನೊಂದನ್ನು ಸಿಕ್ಕಿಸಬೇಡಿ. ಬೆಂಗಳೂರಿನವರಿಗೆ ಆಪ್ ಆಂಪ್, ರೆಸಿಸ್ಟರ್, ಪಾಟ್, ಸಾಕೆಟ್‌ಗಳಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಬಕೆಟ್ ಬ್ರಿಗೇಡ್ ಚಿಪ್ಪನ್ನು ಆನ್‌ಲೈನಿನಲ್ಲೇ ತರಿಸಬೇಕಾದೀತು.

ಇನ್ನೊಂದು ಮಾತು. ಕ್ಯಾರಿಯೋಕೆ ಎಕೋ ಬೋರ್ಡುಗಳಲ್ಲಿ ಕಾಣುವ ಅಗ್ಗದ ಪಿಟಿ2399 ಒಳಗೊಳಗೆ ಡಿಜಿಟಲ್. ಕೈ ಪಳಗಿಸಲು ಒಳ್ಳೆಯದೇ, ಆದರೆ ಅದಕ್ಕೆ ‘ಅನಲಾಗ್’ ಚೀಟಿ ಅಂಟಿಸಿ ಮಾರುವ ಕಿಟ್‌ಗೆ ಹೆಚ್ಚು ಕಾಸು ಕೊಡಬೇಡಿ.

4. ಒಂದೊಂದೇ ಕಟ್ಟಿ, ಒಂದೊಂದೇ ಕೇಳಿ

ಇಡೀ ಬೋರ್ಡು ಮುಗಿಸಿ ಒಮ್ಮೆಲೇ ಸ್ವಿಚ್ ಒತ್ತುವ ಚಟ ಬಿಡಿ. ಮೊದಲು ಒಳಬರುವ ಬಫರ್ ಮಾತ್ರ: ಒಂದು ಟಿಎಲ್072, ಪಿಕಪ್‌ನ ದನಿ ಕುಗ್ಗದಂತೆ 1 ಮೆಗಾಓಮ್, 9 ವೋಲ್ಟ್ ಸಪ್ಲೈಯನ್ನು ಎರಡು ಸಮಾನ ರೆಸಿಸ್ಟರುಗಳಿಂದ ಅರ್ಧ ಮಾಡಿದ 4.5 ವೋಲ್ಟ್. ಗಿಟಾರ್ ಸಿಕ್ಕಿಸಿ ಕೇಳಿ. ಮೂಲಧ್ವನಿ ಸರಿಯಾಗಿ ದಾಟಿತೋ, ಫಿಲ್ಟರ್ ಕಟ್ಟಿ. ಆಮೇಲೆ ಕ್ಲಾಕ್. ಚಿಪ್ ಸಾಕೆಟ್‌ಗೆ ಬರುವುದು ಕೊನೆಗೆ, ಅದೂ ಅದರ ಸಪ್ಲೈ ಪಿನ್ನಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಿದ ಮೇಲೆ.

ಆಸಿಲೋಸ್ಕೋಪ್ ಇಲ್ಲವೆಂದು ಕೊರಗಬೇಡಿ. ಆಂಪ್ಲಿಫೈಯರಿಗೆ ಹೋಗುವ ಕೇಬಲಿನ ತುದಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಸೇರಿಸಿ, ಅದರ ಇನ್ನೊಂದು ಕಾಲನ್ನು ಬೋರ್ಡಿನ ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತ ಹೋಗಿ. ಕೇಬಲಿನ ಗ್ರೌಂಡ್ ಬೋರ್ಡಿನ ಗ್ರೌಂಡಿಗೆ ಸೇರಿರಲಿ, ಆಂಪ್ ಸಣ್ಣಗಿರಲಿ. ಎಲ್ಲಿ ಸದ್ದು ನಿಲ್ಲುತ್ತದೋ, ತಪ್ಪಿರುವುದು ಅದಕ್ಕೂ ಅದರ ಹಿಂದಿನ ಜಾಗಕ್ಕೂ ನಡುವೆ. ಮುಕ್ಕಾಲು ಪಾಲು ರಿಪೇರಿ ಈ ಒಂದು ತಂತಿಯಲ್ಲೇ ಆಗುತ್ತದೆ.

5. ಫಿಲ್ಟರಿನ ಕೆಪಾಸಿಟರಿಗೆ ಜುಗ್ಗತನ ಬೇಡ

ಚಿಪ್ಪಿನ ಮುಂದೊಂದು, ಹಿಂದೊಂದು ಫಿಲ್ಟರ್ ಬೇಕು. ನಕ್ಷೆಯಲ್ಲಿರುವ ಮೌಲ್ಯಗಳನ್ನೇ, ಫಿಲ್ಮ್ ಕೆಪಾಸಿಟರುಗಳನ್ನೇ ಹಾಕಿ. ಡಬ್ಬಿಯಲ್ಲಿ ಸಿಕ್ಕಿದ ಸೆರಾಮಿಕ್ ತುಂಡುಗಳು ಸಪ್ಲೈ ಪಿನ್ನಿನ ಪಕ್ಕಕ್ಕೆ ಸಾಕು.

6. ಬಯಾಸ್‌ಗೆ ಒಂದು ಸಂಜೆ ಕೊಡಿ

ನೂರಾರು ರೂಪಾಯಿಯ ಚಿಪ್ ‘ಸತ್ತಿದೆ’ ಎಂದು ಎಸೆಯುವವರು ಎಷ್ಟೋ ಸಲ ಬಯಾಸ್‌ನ ಟ್ರಿಮ್‌ಪಾಟ್ ತಿರುಗಿಸಿರುವುದೇ ಇಲ್ಲ. ಚಿಪ್ಪಿಗೆ ಸಿಗ್ನಲ್ ಒಂದು ನಿರ್ದಿಷ್ಟ ವೋಲ್ಟೇಜಿನ ಮೇಲೆ ಕೂತು ಬರಬೇಕು. ಸ್ವಲ್ಪ ಜಾರಿದರೂ ಅದು ಒಡೆಯುತ್ತದೆ, ಇಲ್ಲವೇ ಮೌನವಾಗುತ್ತದೆ. ಫೀಡ್‌ಬ್ಯಾಕ್ ನಾಬನ್ನು ಸೊನ್ನೆಗೆ ತನ್ನಿ. ಮೂಲಧ್ವನಿ ಮುಚ್ಚಿ, ಮಾರ್ದನಿ ಮಾತ್ರ ಕೇಳುವಂತೆ ಮಾಡಿಕೊಳ್ಳಿ. ದಪ್ಪ ತಂತಿಯನ್ನು ಜೋರಾಗಿ ಮೀಟುತ್ತ ಟ್ರಿಮ್‌ಪಾಟನ್ನು ಕೂದಲೆಳೆಯಷ್ಟು ತಿರುಗಿಸಿ. ಮೌನ, ಆಮೇಲೆ ಹರಿದ ಸದ್ದು, ಆಮೇಲೆ ಶುದ್ಧ ಸ್ವರ, ಮತ್ತೆ ಹರಿದ ಸದ್ದು. ಶುದ್ಧ ಸ್ವರ ಸಿಕ್ಕ ಜಾಗದ ನಟ್ಟನಡುವೆ ನಿಲ್ಲಿಸಿ. ಮೆಲ್ಲಗೆ ಮೀಟಿದರೆ ಎಲ್ಲ ಜಾಗವೂ ಸರಿಯೆನ್ನಿಸುತ್ತದೆ, ಮೋಸ ಹೋಗಬೇಡಿ.

ಚಿಪ್ಪಿಗೆ ಎರಡು ಔಟ್‌ಪುಟ್ ಇರುತ್ತವೆ. ಅವುಗಳ ನಡುವಿನ ಇನ್ನೊಂದು ಟ್ರಿಮ್‌ಪಾಟ್ ಕ್ಲಾಕಿನ ಸದ್ದನ್ನು ಕಳೆಯಲು. ಡಿಲೇ ಉದ್ದವಿಟ್ಟು, ಕೀರಲು ಸದ್ದು ಅತಿ ಕಡಿಮೆಯಾಗುವಲ್ಲಿಗೆ ತನ್ನಿ.

7. ಕ್ಲಾಕಿನ ತಂತಿ ದೂರವಿರಲಿ

ಇನ್‌ಪುಟ್ ಜಾಕಿನ ತಂತಿ ಒಂದು ಮೂಲೆಯಲ್ಲಿ, ಕ್ಲಾಕ್ ಇನ್ನೊಂದು ಮೂಲೆಯಲ್ಲಿ. ಡಬ್ಬಿ ಅಲ್ಯೂಮಿನಿಯಂನದೇ ಆಗಲಿ, ಗ್ರೌಂಡಿಗೆ ಸೇರಿರಲಿ. ಪ್ಲಾಸ್ಟಿಕ್ ಟಿಫಿನ್ ಡಬ್ಬಿ ನೋಡಲು ಚೆಂದ, ಕೇಳಲು ಅಲ್ಲ.

8. ಅಡಾಪ್ಟರಿನ ಧ್ರುವ ನೋಡಿ

ಗಿಟಾರ್ ಪೆಡಲುಗಳಲ್ಲಿ ಪಿನ್ನಿನ ಒಳಭಾಗ ಮೈನಸ್. ಮನೆಯಲ್ಲಿ ಬಿದ್ದಿರುವ ರೌಟರ್ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಒಳಭಾಗ ಪ್ಲಸ್. ಧ್ರುವ ಉಲ್ಟಾ ಆದರೂ ಬೋರ್ಡು ಸುಡದಂತೆ ಸಪ್ಲೈಯ ದಾರಿಯಲ್ಲಿ ಒಂದು 1ಎನ್5817 ಡಯೋಡ್ ಇರಲೇಬೇಕು. ಕೀರಲು ಸದ್ದು ಬಿಡದಿದ್ದರೆ 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ. ಸದ್ದು ಹೋಯಿತೋ, ಬೋರ್ಡು ಬಿಚ್ಚಬೇಡಿ, ಅಡಾಪ್ಟರ್ ಬದಲಿಸಿ.

9. ಫೀಡ್‌ಬ್ಯಾಕಿಗೆ ಲಗಾಮು, ಆದರೆ ಸಡಿಲ

ಮರಳಿ ಬರುವ ಮಾರ್ದನಿ ಹೋದದ್ದಕ್ಕಿಂತ ಜೋರಾದರೆ ಪೆಡಲ್ ತಾನೇ ಕೂಗತೊಡಗುತ್ತದೆ. ಇದನ್ನು ಪೂರ್ತಿ ತಡೆಯುವ ನಕ್ಷೆಗಳು ನನಗೆ ಸಪ್ಪೆ. ಫೀಡ್‌ಬ್ಯಾಕ್ ನಾಬಿನ ಜೊತೆ ಒಳಗೊಂದು ಟ್ರಿಮ್‌ಪಾಟ್ ಇಟ್ಟು, ನಾಬಿನ ಕೊನೆಯ ಕಾಲುಭಾಗದಲ್ಲಷ್ಟೇ ಕೂಗು ಶುರುವಾಗುವಂತೆ ಹೊಂದಿಸಿ. ಕೂಗುತ್ತಿರುವಾಗಲೇ ಡಿಲೇ ನಾಬ್ ತಿರುಗಿಸಿದರೆ ಸ್ವರ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಆಂಪಿನ ವಾಲ್ಯೂಮ್ ಮಾತ್ರ ಮೊದಲೇ ಇಳಿಸಿರಿ.