ಅಂತರ್ಜಾಲದ ಚದುರಂಗ ಮತ್ತು ವಿದ್ಯಾರ್ಥಿ

ಚದುರಂಗವು ಬುದ್ಧಿಯ ಕ್ರೀಡೆಯೆಂಬುದು ಸರ್ವವಿದಿತ. ಇಂದು ಈ ಆಟವು ಅಂತರ್ಜಾಲದಲ್ಲಿಯೂ ನೆಲೆಗೊಂಡಿದೆ. 2007ರಲ್ಲಿ ಚೆಸ್ ಡಾಟ್ ಕಾಮ್, 2010ರಲ್ಲಿ ಲೀಚೆಸ್ ಎಂಬ ತಾಣಗಳು ಆರಂಭವಾದವು. ಫ್ರಾನ್ಸಿನ ತಿಬೋ ದುಪ್ಲೆಸಿಯವರು ರೂಪಿಸಿದ ಲೀಚೆಸ್ ಸಂಪೂರ್ಣ ಉಚಿತವಾದುದು.

ಎದುರಾಳಿಯು ಕಣ್ಣಿಗೆ ಕಾಣದಿರುವುದರಿಂದ ಇಲ್ಲಿ ವಂಚನೆ ಸುಲಭ. 1997ರಲ್ಲಿ ಡೀಪ್ ಬ್ಲೂ ಎಂಬ ಬೃಹತ್ ಗಣಕಯಂತ್ರವು ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಿತು. ಈಗ ಕಿಸೆಯಲ್ಲಿನ ಮೊಬೈಲಿನಲ್ಲಿಯೇ ನಡೆಯುವ ಸ್ಟಾಕ್‌ಫಿಶ್ ತಂತ್ರಾಂಶವು ಯಾವ ಮನುಷ್ಯನಿಗಿಂತಲೂ ಪ್ರಬಲವಾಗಿದೆ. ಅದನ್ನು ಗುಟ್ಟಾಗಿ ನೋಡಿ ಆಡುವವರನ್ನು ಕಂಡುಹಿಡಿಯುವ ಬಗೆ ಹೇಗೆ? ಆಟಗಾರನ ನಡೆಗಳು ಯಂತ್ರದ ನಡೆಗಳೊಡನೆ ಎಷ್ಟು ಹೊಂದುತ್ತವೆ, ಸುಲಭವಾದ ನಡೆಗೂ ಕಠಿಣವಾದ ನಡೆಗೂ ಅವನು ಒಂದೇ ಸಮನಾದ ಕಾಲವನ್ನು ತೆಗೆದುಕೊಳ್ಳುವನೇ ಎಂಬುದನ್ನು ಪರಿಶೀಲಿಸುತ್ತಾರೆ. ಲೀಚೆಸ್‌ನಲ್ಲಿ ಈ ಕಾರ್ಯಕ್ಕೆಂದೇ ಇರ್ವಿನ್ ಎಂಬ ತಂತ್ರಾಂಶವನ್ನು ರಚಿಸಲಾಯಿತು. ಆದರೆ ಒಂದು ಶ್ರೇಷ್ಠ ನಡೆಯು ಅಪರಾಧಕ್ಕೆ ಸಾಕ್ಷಿಯಾಗದು. ಪ್ರತಿಭೆಗೂ ಅಂಥ ನಡೆ ಹೊಳೆಯಬಹುದು. ನಿರಪರಾಧಿಗೆ ಕಳಂಕ ತಗಲದಂತೆ ಅನೇಕ ಆಟಗಳನ್ನು ಒಟ್ಟಿಗೆ ತೂಗಿ ನೋಡಬೇಕಾಗುತ್ತದೆ.

ಆಟದ ನಡುವೆ ನಿಷಿದ್ಧವಾದ ಅದೇ ಸ್ಟಾಕ್‌ಫಿಶ್, ಆಟ ಮುಗಿದೊಡನೆ ಶಿಕ್ಷಕನಾಗುತ್ತದೆ. ಎಲ್ಲಿ ತಪ್ಪಿದೆವು, ಉತ್ತಮ ನಡೆ ಯಾವುದಿತ್ತು ಎಂಬುದನ್ನು ಅದು ತೋರಿಸುತ್ತದೆ. ಏಕೆ ತಪ್ಪಿದೆವೆಂಬುದನ್ನು ಮಾತ್ರ ನಾವೇ ಯೋಚಿಸಿ ತಿಳಿಯಬೇಕು. ಆದುದರಿಂದ ವಿದ್ಯಾರ್ಥಿಯು ಮೊದಲು ತನ್ನ ಆಟವನ್ನು ತಾನೇ ವಿಮರ್ಶಿಸಿ, ಅನುಮಾನಗಳನ್ನು ಬರೆದಿಟ್ಟುಕೊಂಡು, ಅನಂತರ ಯಂತ್ರವನ್ನು ಕೇಳುವುದು ಲೇಸು. ಹಾಗೆ ಅರಿತ ಒಂದು ತಪ್ಪು, ಕದ್ದು ಪಡೆದ ಹತ್ತು ಗೆಲುವುಗಳಿಗಿಂತ ಮಿಗಿಲಾದುದು. ಗೃಹಪಾಠಕ್ಕೆ ಉತ್ತರ ನೋಡಿ ಬರೆಯುವ ಬಾಲಕನಿಗೂ ಈ ಮಾತು ಸಲ್ಲುತ್ತದೆ.